ಯಂಕವ್ವನ ಕಾಗದದ ಬುಟ್ಟಿಗಳು

ಬೇಸಿಗೆ ರಜೆ ಶುರುವಾಗಿ ವಾರ ಕಳೆಯಿತೆಂದರೆ ಗೋಪನಕೊಪ್ಪದ ಆ ಓಣಿಯ ತಾಯಂದಿರಿಗೆ ಯಂಕವ್ವ ನೆನಪಾಗುತ್ತಿದ್ದಳು.

"ನಿಮ್ಮ ಮೊಮ್ಮಕ್ಕಳ ಗದ್ದಲಾನ ಕೇಳಂಗಿಲ್ಲ ನೋಡ್ರಿ, ಯಂಕವ್ವಾರ," ಎಂದಳು ಎದುರು ಮನೆಯ ಮದೀನಾಬಿ. "ನಮ್ಮ ವಸೀಮ ಮುಂಜಾನಿಂದ ನನ್ನ ತಲಿ ತಿನ್ನಾಕತ್ತಾನ. ಏನು ಮದ್ದು ಹಾಕೀರಿ?"

"ಮದ್ದೇನ ಬಂತವಾ! ಹಳೇ ಪೇಪರ್, ಒಂದ ಮುಷ್ಟಿ ಮೆಂತ್ಯ, ನೀರು. ಇಷ್ಟ."

ಹರಿದ ಕಾಗದವನ್ನು ಮೂರು ದಿನ ನೆನೆಸಬೇಕು. ಮೆಂತ್ಯದ ಜೊತೆ ಒರಳಿಗೆ ಹಾಕಿ ಬೆಣ್ಣೆಯಾಗುವವರೆಗೆ ಕುಟ್ಟಬೇಕು. ಬೋರಲು ಹಾಕಿದ ಬೋಗುಣಿಗೆ ಎಣ್ಣೆ ಸವರಿ, ಮೇಲೆ ಮೆತ್ತಿ, ಬಿಸಿಲಿಗಿಟ್ಟರೆ ನಾಲ್ಕು ದಿನಕ್ಕೆ ಬುಟ್ಟಿ ಕಳಚಿ ಬರುತ್ತದೆ. ಆಮೇಲೆ ಬಣ್ಣ. ಯಂಕವ್ವನ ಬುಟ್ಟಿಗಳು ಓಣಿಯ ಹಲವು ಮನೆಗಳಲ್ಲಿದ್ದವು. ಮದೀನಾಬಿ ಹಸಿರು ಬುಟ್ಟಿಯಲ್ಲಿ ಉಳ್ಳಾಗಡ್ಡಿ ಇಡುತ್ತಿದ್ದಳು. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ನುಣುಪಾದದ್ದು, ಯಂಕವ್ವನ ಮನೆಯ ಆಳೆತ್ತರದ ತಿಜೋರಿಯ ಮೇಲೆ ಕೂತಿದ್ದ, ಕೆಮ್ಮಣ್ಣು ಬಳಿದ ಕೆಂಪು ಬುಟ್ಟಿ. ಅದನ್ನು ಮಾಡುವಾಗ ಅವಳ ಮಗ ರಾಜೀವ ಆರು ವರ್ಷದವ.

ಓಣಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಯಂಕವ್ವನ ಹಿತ್ತಲಲ್ಲಿ ರಜೆಯಿರಲಿ, ಇಲ್ಲದಿರಲಿ, ಒಂದು ಬಕೆಟ್ ಕಾಗದ ಸದಾ ನೆನೆಯುತ್ತಿತ್ತು. ಯಾವ ದಿನ ಬೇಕಾದೀತೆಂದು ಹೇಳಲು ಬರುತ್ತಿರಲಿಲ್ಲ. ಕಚೇರಿಯಿಂದ ಬಂದ ರಾಜೀವ ಚಪ್ಪಲಿಯನ್ನು ಬಾಗಿಲಲ್ಲಿ ಬಿಡುವ ಬದಲು ಬೀಸಿ ಒಗೆದನೆಂದರೆ ಅವಳು ಎದ್ದು ಮೊಮ್ಮಕ್ಕಳ ಕೈ ಹಿಡಿಯುತ್ತಿದ್ದಳು. "ಬರ್ರಿ, ಬುಟ್ಟಿ ಮಾಡೂಣು." ಒಂಬತ್ತರ ಮಯೂರಿ ಕಾಗದ ಹಿಂಡಿ ಕೊಡುವಳು, ಆರರ ಪ್ರತಾಪ ಕುಟ್ಟುವನು. ಒಳಗೆ ಸೊಸೆ ನೀಲಾಳನ್ನು ಅವನು ಗೋಡೆಗೆ ಬಡಿದ ಸದ್ದು ಒನಕೆಯ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಹಾಗೆಂದು ಯಂಕವ್ವ ನಂಬಿದ್ದಳು. ಮಕ್ಕಳು ಅದನ್ನು ಕೇಳಬಾರದು. ಅವಳಿಗಿದ್ದದ್ದು ಅದೊಂದೇ ಆಸೆ.

ಮೇ ತಿಂಗಳ ಒಂದು ಮಧ್ಯಾಹ್ನ ನೀಲಾ ಕೇಶ್ವಾಪುರದ ಅಣ್ಣನ ಮನೆಗೆ ಗಂಡನನ್ನು ಕೇಳದೆ ಹೋಗಿ ಬಂದಿದ್ದಳು. ಸಂಜೆ ಅವನ ಚಪ್ಪಲಿ ಹಾರಿ ಬಂದು ನೀರಿನ ಕೊಡಕ್ಕೆ ಬಡಿಯಿತು. ರಾಜೀವ ಅವಳ ತುರುಬಿಗೆ ಕೈ ಹಾಕಿ ಒಳಗೆ ಎಳೆದುಕೊಂಡು ಹೋದ. ಹಿತ್ತಲಲ್ಲಿ ಯಂಕವ್ವ ಒರಳಿಗೆ ಕಾಗದ ಸುರಿದಳು.

"ಜೋರಾಗಿ ಕುಟ್ಟೋ, ನನ್ನಪ್ಪಾ."

ಪ್ರತಾಪ ಕುಟ್ಟಿದ. ಒಳಗೆ ತಿಜೋರಿಯ ಬಾಗಿಲು ದಡ್ ಎಂದಿತು. ಒರಳು ದಡ್ ಎಂದಿತು. ಮತ್ತೆ ಒಳಗೆ, ಮತ್ತೆ ಒರಳು. ಹುಡುಗ ಒನಕೆ ಎತ್ತಿ ಹಿಡಿದು ಕಾಯುತ್ತಿದ್ದ. ಒಳಗಿನ ಪೆಟ್ಟು ಬಿದ್ದಾಗಲೇ ಇವನದೂ ಬೀಳುತ್ತಿತ್ತು. ಅವನ ತುಟಿ ಅಲುಗುತ್ತಿದ್ದುದನ್ನು ಕಂಡು ಯಂಕವ್ವ ಬಾಗಿದಳು.

"ಎದುರ ಮಾತಾಡ್ತಿ? ಮಾತಾಡ್ತಿ? ಮಾತಾಡ್ತಿ?"

ದನಿ ಸಣ್ಣದು. ಮಾತು ಅವನಪ್ಪನದು.

ಇದೇ ಒರಳು. ವರ್ಷಗಳ ಹಿಂದೆ, ಒಳಗೆ ತನ್ನನ್ನು ಹೊಡೆದು ಗಂಡ ಹೊರಗೆ ಹೋದ ಮೇಲೆ ಅವಳು ಮೂಗಿನ ರಕ್ತ ಒರೆಸಿಕೊಂಡು ಹಿತ್ತಲಿಗೆ ಬಂದಿದ್ದಳು. ಆರು ವರ್ಷದ ರಾಜೀವ ಇನ್ನೂ ಕುಟ್ಟುತ್ತಿದ್ದ, ಅಪ್ಪನಂತೆಯೇ "ಸಾಯಿ, ಸಾಯಿ" ಎನ್ನುತ್ತಿದ್ದ. ಎಷ್ಟು ನುಣ್ಣಗೆ ಕುಟ್ಟಿದನಲ್ಲ ಎಂದು ಅವಳು ಅವನಿಗೆ ಬೆಲ್ಲ ಕೊಟ್ಟಿದ್ದಳು.

"ಆಯಿ," ಎಂದಳು ಮಯೂರಿ ಅಜ್ಜಿಗೆ, ಕೈಯಲ್ಲಿ ಒದ್ದೆ ಕಾಗದ ಹಿಡಿದು. "ಅವ್ವ ಸುಮ್ಮನಾದ್ಳು. ಇನ್ನ ಕುಟ್ಟೂದ ಬಿಡೂಣೇನು?"

ಯಂಕವ್ವ ಹುಡುಗನ ಕೈಯಿಂದ ಒನಕೆ ಕಿತ್ತುಕೊಂಡು ಒಳಗೆ ನಡೆದಳು.

ನೀಲಾ ತಿಜೋರಿಯ ಬುಡದಲ್ಲಿ ಬಿದ್ದಿದ್ದಳು. ಬೈತಲೆಯಿಂದ ರಕ್ತ ಕಿವಿಗೆ ಇಳಿದಿತ್ತು. ರಾಜೀವ ಬಗ್ಗಿ ಮತ್ತೆ ಅವಳ ಕೂದಲಿಗೆ ಕೈ ಚಾಚಿದ್ದ.

"ಬಿಡೋ ಅಕಿನ್ನ."

"ನೀ ನಡುವ ಬರಬ್ಯಾಡಬೇ. ಹೋಗು, ಬುಟ್ಟಿ ಮಾಡ್ಹೋಗು."

ಒನಕೆ ಅವನ ಮುಂಗೈ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಮನೆಯಲ್ಲಿ ಎಲ್ಲರಿಗೂ ಕೇಳಿಸಿತು. "ಯವ್ವಾ!" ಎಂದು ಅವನು ಕೂತುಬಿಟ್ಟ. ಅವಳು ಮತ್ತೆ ಎತ್ತಿದಳು. ಹಿತ್ತಲ ಬಾಗಿಲಲ್ಲಿ ಪ್ರತಾಪ ನಿಂತಿದ್ದ, ಕಣ್ಣು ಮಿಟುಕಿಸದೆ ಒನಕೆಯನ್ನೇ ನೋಡುತ್ತ. ಎತ್ತಿದ್ದನ್ನು ಅವಳು ನಿಧಾನವಾಗಿ ಕೆಳಗಿಟ್ಟಳು. ಬೀದಿ ಬಾಗಿಲ ಚಿಲಕ ತೆಗೆದು, ಹೊರಗೆ ನಿಂತು ಕೂಗಿದಳು.

"ಮದೀನಾಬಿ! ಆಟೋ ಕರೀವಾ! ನನ್ನ ಮಗಾ ಸೊಸೀನ್ನ ಕೊಲ್ಲಾಕತ್ತಾನ!"

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು.

ಆಸ್ಪತ್ರೆಯಲ್ಲಿ ನೀಲಾಳ ತಲೆಗೆ ಒಂಬತ್ತು ಹೊಲಿಗೆ ಬಿದ್ದವು. ಮಹಿಳಾ ಪೊಲೀಸೊಬ್ಬಳು ಮಂಚದ ಬಳಿ ಬಂದು ವಹಿ ತೆರೆದಳು.

"ಎಂದಿಂದ ಹೊಡ್ಯಾಕತ್ತಾನವಾ?"

"ಇಲ್ರಿ, ಜಾರಿ ಬಿದ್ದೆ..." ನೀಲಾಳ ಬಾಯಿ ರೂಢಿಯ ಮಾತನ್ನೇ ಆಡಿತು.

ಆಯಿಯ ಸೆರಗು ಹಿಡಿದು ನಿಂತಿದ್ದ ಮಯೂರಿ ಬೆರಳು ಮಡಚತೊಡಗಿದಳು.

"ಹಳದಿ ಬುಟ್ಟಿ ದಿನ ಅವ್ವನ ಕೈ ಬಾತಿತ್ರಿ. ನೀಲಿ ಬುಟ್ಟಿ ದಿನ ಅಪ್ಪ ಬೆನ್ನ ಸುಟ್ಟಿದ್ದ. ಮದೀನಾಬಿ ಆಂಟಿ ಉಳ್ಳಾಗಡ್ಡಿ ಇಡತಾರಲ್ರಿ, ಹಸರ ಬುಟ್ಟಿ, ಆ ದಿನ ಹಲ್ಲ ಮುರದಿದ್ದ."

ಗೋಡೆಗೊರಗಿ ನಿಂತಿದ್ದ ಮದೀನಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ಒಂದೂ ಬಿಡದೆ ಹೇಳುತ್ತ ಹೋದಳು. ಹನ್ನೊಂದು ಬುಟ್ಟಿಯಾದವು. ನೀಲಾ ಕಣ್ಣು ಮುಚ್ಚಿ, "ಖರೇನ ಐತ್ರಿ," ಎಂದಳು.

ಪೊಲೀಸಿನವಳು ಬರೆದು ಮುಗಿಸಿ ವಹಿ ಮುಚ್ಚುವಷ್ಟರಲ್ಲಿ ಯಂಕವ್ವ ಅದರ ಮೇಲೆ ಕೈ ಇಟ್ಟಳು.

"ತಿಜೋರಿ ಮ್ಯಾಲೆ ಕೆಂಪ ಬುಟ್ಟಿ ಒಂದೈತ್ರಿ. ಆ ದಿನ ಹೊಡಿಸಿಕೊಂಡಾಕಿ ನಾನು. ಅವಾಗ ಕುಟ್ಟಾಕ ಕೂಡ್ರಿಸಿದ್ದು ಇದ ರಾಜೀವನ್ನ, ನನ್ನ ಮಗನ್ನ. ಅದನ್ನೂ ಬರಕೋರಿ."