ಗೂಡಿನೊಳಗೆ ತಲೆಯಿಟ್ಟು ನೂರು ಎಣಿಸಿ

ಹಿತ್ತಿಲಲ್ಲಿ ಸಾಕಿದ ಕೋಳಿಮರಿ ಸೀನಿದರೆ, ಬಾಯಿ ತೆರೆದು ಗೊರಗೊರ ಉಸಿರೆಳೆದರೆ, ಮೊದಲು ಮಾಡಬೇಕಾದ್ದೇನೆಂದು ಈ ಸುತ್ತಮುತ್ತ ಯಾರಿಗಾದರೂ ಗೊತ್ತಿದ್ದರೆ ಅದು ಈ ತಿಂಗಳು ಪಶು ಆಸ್ಪತ್ರೆಯಿಂದ ನಿವೃತ್ತರಾಗುತ್ತಿರುವ ಡಾಕ್ಟರಮ್ಮನವರು ಕಲಿಸಿದ್ದು. ಅವರನ್ನು ಹೊಗಳಲು ಈ ಅಭಿನಂದನ ಗ್ರಂಥದಲ್ಲಿ ದೊಡ್ಡವರು ಬಹಳ ಮಂದಿ ಇದ್ದಾರೆ. ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಔಷಧಿ ಕಟ್ಟಿಕೊಟ್ಟ, ಈಗ ಈ ಲೇಖನ ಬರೆಯುತ್ತಿರುವ ಕಾಂಪೌಂಡರನಿಗೆ ಇರುವುದು ಸಿಟ್ಟು ಮಾತ್ರ. ಸಂಪಾದಕರು ಕ್ಷಮಿಸಬೇಕು; ಕ್ಷಮಿಸದಿದ್ದರೂ ಅಡ್ಡಿಯಿಲ್ಲ.

ಅವನು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ, ಆಸ್ಪತ್ರೆಯ ಹಿಂದಿನ ಬೀದಿಯ ದರ್ಜಿ ಅಕ್ಕನ ಮನೆಯಲ್ಲಿ ಮೂರು ವಾರದ ನಲವತ್ತು ಮರಿಗಳು ಸೀನತೊಡಗಿದವು. ಡಾಕ್ಟರಮ್ಮನವರು ಬೇರೆ ಊರಿಗೆ ಹೋಗಿದ್ದರು. ಎಲ್ಲ ಬಲ್ಲವನಂತೆ ಹೊರಟ ಕಾಂಪೌಂಡರ ಒಂದು ಪೊಟ್ಟಣ ಪುಡಿಯನ್ನು ಕುಡಿಯುವ ನೀರಿಗೆ ಬೆರೆಸಿ, "ಇದು ಥಂಡಿ ಅಕ್ಕಾ, ಗಾಳಿ ಆಡಬಾರ್ದು" ಎಂದು ಗೂಡಿನ ಜಾಲರಿಗೆಲ್ಲ ತನ್ನ ಕೈಯಾರೆ ಗೋಣಿಚೀಲ ತುರುಕಿ ಬಂದ. ಬೆಳಗಾಗುವುದರೊಳಗೆ ಹನ್ನೊಂದು ಮರಿ ಸತ್ತಿದ್ದವು.

ಡಾಕ್ಟರಮ್ಮನವರು ಬಂದವರೇ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಗೂಡಿನೊಳಗೆ ತಲೆಯಿಟ್ಟರು. ಹೊರತೆಗೆದಾಗ ಅವರ ಕಣ್ಣಲ್ಲಿ ಧಾರಾಕಾರ ನೀರು.

"ನೀವೂ ಇಡಿ ಕಾಂಪೌಂಡರೇ. ನೂರು ಎಣಿಸಿ."

ಹಿಕ್ಕೆಯ ಘಾಟಿಗೆ ಅವನು ಹದಿನೆಂಟು ದಾಟಲಿಲ್ಲ.

"ಇವು ರಾತ್ರಿಯೆಲ್ಲಾ ಎಣಿಸಿವೆ" ಎಂದರು, ಅಷ್ಟೇ. ಗೋಣಿ ಕಿತ್ತರು, ಒದ್ದೆ ಹೊಟ್ಟನ್ನು ಗೋರಿ ಒಣ ಹೊಟ್ಟು ಹರಡಿದರು, ಮರಿಗಳ ಮೈಗೆ ಗಾಳಿ ನೇರ ತಾಗದಂತೆ ಕೆಳಗೆ ಹಲಗೆಯಿಟ್ಟು ಮೇಲಿನ ಜಾಲರಿ ತೆರೆದೇ ಬಿಟ್ಟರು. ಸೀನುವವನ್ನು ಬೇರೆ ಮಾಡಿ, ಮೊದಲು ಗಟ್ಟಿ ಮರಿಗಳಿಗೆ ಮೇವು ಹಾಕಿ ಆಮೇಲೆ ಇವುಗಳ ಹತ್ತಿರ ಹೋಗಬೇಕೆಂದು ದರ್ಜಿ ಅಕ್ಕನಿಗೆ ತಾಕೀತು ಮಾಡಿದರು. ಸತ್ತ ಮರಿಗಳು ಪ್ರಯೋಗಾಲಯಕ್ಕೆ ಹೋದವು. ವರದಿ ಬಂದ ಮೇಲಷ್ಟೇ ಸರಿಯಾದ ಔಷಧಿ ಕೊಟ್ಟರು. ಅಷ್ಟರಲ್ಲಿ ಇನ್ನೂ ಮೂರು ಹೋದವು, ಇಪ್ಪತ್ತಾರು ಉಳಿದವು.

ಅವರನ್ನು ಕಂಡರೆ ಮೇಲಿನ ಕಚೇರಿಯ ಸಾಹೇಬರಿಗೆ ಆಗುತ್ತಿರಲಿಲ್ಲ. ಸೀನಿದ್ದಕ್ಕೆಲ್ಲ ಪುಡಿ ಹಂಚಿ ಎಂಬ ಆಜ್ಞೆಗೆ ಡಾಕ್ಟರಮ್ಮನವರು "ಇದು ವೈದ್ಯವಲ್ಲ" ಎಂದು ಉತ್ತರ ಬರೆದಿದ್ದರು. ಸತ್ತ ಮರಿಗಳ ಸುದ್ದಿ ಹಿಡಿದು ಸಾಹೇಬರು ವಿಚಾರಣೆಗೆ ಬಂದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೇಳಿದರು: "ಗೋಣಿ ಹಾಕ್ಸಿದ್ದು ಮೇಡಮ್ಮೇ ಅಲ್ವೇನಪ್ಪಾ?"

ಕಾಂಪೌಂಡರ ನೆಲ ನೋಡಿದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇವನಿಗೆ ಒರೆಸುವ ಶ್ರಮವೂ ಬೇಕಾಗಲಿಲ್ಲ, ಸುಮ್ಮನಿದ್ದರೆ ಸಾಕಾಯಿತು. ಡಾಕ್ಟರಮ್ಮನವರು ಒಮ್ಮೆ ಇವನತ್ತ ನೋಡಿ ತಾವೂ ಸುಮ್ಮನಾದರು. ನಿರ್ಲಕ್ಷ್ಯದ ನೋಟಿಸು ಅವರ ಕಡತ ಸೇರಿತು, ಬಡ್ತಿ ಆರು ವರ್ಷ ತಡವಾಯಿತು. ಅಂದು ಬಾಗಿಲು ಹಾಕುವಾಗ ಅವರು ಕೇಳಿದ್ದು ಇಷ್ಟು: "ಮಗೂಗೆ ಜ್ವರ ಅಂದಿದ್ರಲ್ಲ, ಇಳೀತಾ?" ಬೈದಿದ್ದರೆ ಇವನು ಎಂದೋ ಮರೆಯುತ್ತಿದ್ದ.

ಈಗ ಅದೇ ಸಾಹೇಬರು ಈ ಗ್ರಂಥದ ಮೊದಲ ಪುಟದಲ್ಲಿ, ಡಾಕ್ಟರಮ್ಮನವರು "ಔಷಧಿ ವಿತರಣೆಯಲ್ಲಿ ಅಗ್ರಗಣ್ಯರು" ಎಂದು ಶುಭ ಕೋರಿದ್ದಾರೆ. ನಾಚಿಕೆ ಎಂಬುದು ಒಂದಿರಬೇಕು. ಈ ಮಹಾಶಯರನ್ನು ಆ ಗೂಡಿನ ಮುಂದೆ ಕೂರಿಸಿ ನೂರು ಎಣಿಸಲು ಹೇಳಬೇಕಿತ್ತು.

ಈ ಲೇಖನದ ವಿಷಯ ಹೇಳಿದಾಗ ಡಾಕ್ಟರಮ್ಮನವರು, "ಹಳೇದೆಲ್ಲ ಯಾಕೆ ಕೆದಕ್ತೀರಾ, ಬಿಡಿ" ಎಂದರು. ಬಿಡಲಾಗದು. ಅವರು ಆರೋಗ್ಯದಿಂದ ಬಹುಕಾಲ ಬಾಳಲಿ, ಕಂಡವರ ಹಿತ್ತಿಲಿಗೆ ನುಗ್ಗಿ ಗೂಡುಗಳಲ್ಲಿ ತಲೆಯಿಡುತ್ತಲೇ ಇರಲಿ. ಇನ್ನೊಂದು ಬೇಡಿಕೆಯಿದೆ. ಗೋಣಿ ತುರುಕಿದ್ದು ಡಾಕ್ಟರಮ್ಮನವರಲ್ಲ, ಕಾಂಪೌಂಡರ. ಉಪ್ಪು ತಿಂದವನು ನೀರು ಕುಡಿಯಬೇಕು. ಆ ನೋಟಿಸನ್ನು ಅವರ ಕಡತದಿಂದ ತೆಗೆದು ಇವನ ಕಡತಕ್ಕೆ ಹಾಕಲಿ. ಇವನಿಗಿನ್ನೂ ಎರಡು ವರ್ಷ ಸೇವೆ ಬಾಕಿಯಿದೆ.