ರವದಿಯೊಳಗಿನ ತತ್ತಿಗಳು

“ಹಾವಿಗೆ ಕಾಲಿಲ್ಲ, ಉಡಕ್ಕ ನಾಕ ಕಾಲು. ಆಮಿ ತನ್ನ ಮನೀ ತಾನ ಹೊತ್ಕೊಂಡ ತಿರಗತೈತಿ. ಕೃಷ್ಣಾದಾಗಿನ ಮೊಸಳಿ ನೋಡಿದ್ರ ಎದಿ ಝಲ್ ಅಂತೈತಿ. ಇವೆಲ್ಲಾ ಒಂದ ಕುಲದಾವು ಅಂತ ಯಾರರ ಮೊದಲ ಹೇಳಿದ್ರ ನಾ ನಗತಿದ್ನಿ, ಶೇವಂತಾ. ಈಗ ನಗಾಂಗಿಲ್ಲ. ಎಲ್ಲಾವ್ಕೂ ಮೈಮ್ಯಾಲ ಮೀನಿನಂಗ ಹುರುಪಿ ಐತಿ. ನೀರಾಗ ಇದ್ರೂ ಉಸರಿಗೆ ಮ್ಯಾಲ ಬರಬೇಕ. ಮೈಯಾಗ ತಮ್ಮದಂತ ಕಾವಿಲ್ಲ, ಮುಂಜಾನಿ ಬಿಸಲಿಗೆ ಬಂದ ಬೀಳತಾವು, ಮುದುಕರು ಕಟ್ಟಿಗೆ ಬಂದ ಕುಂತಾಂಗ. ಹೊಳ್ಯಾಗಿನ ಆಮಿ ಸೈತ ತತ್ತಿ ಇಡಾಕ ದಂಡಿಗೆ ಬರತೈತಿ. ಇಟ್ಟ ತತ್ತಿ ಇಟ್ಟಂಗ ಇರಬೇಕ. ಇಷ್ಟ ಗೊತ್ತಿದ್ರ ನನ್ನ ಕೈಯಿಂದ ಹಂಗ ಆಗತಿರಲಿಲ್ಲ.”

ಜಿನಮತಿ ಇದನ್ನು ನನಗೆ ಹೇಳಿದ್ದು 2011ರ ಬೇಸಿಗೆಯಲ್ಲಿ, ಶೇಡಬಾಳದ ಅವಳ ಮನೆಯ ಹಿತ್ತಲಲ್ಲಿ ಕುಳಿತು. ನಮ್ಮದು ಪಕ್ಕದ ಮನೆ, ನಡುವೆ ಮೊಣಕಾಲೆತ್ತರದ ಗೋಡೆ. ಅವಳು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ಅವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದೇನೆ.

ಕಬ್ಬು ಕಡಿದ ಮೇಲೆ ಹೊಲದ ತುಂಬ ಒಣ ಗರಿ ಬಿದ್ದಿರುತ್ತದೆ. ಅದಕ್ಕೆ ನಮ್ಮ ಕಡೆ ರವದಿ ಎನ್ನುತ್ತಾರೆ. ಎಲ್ಲರೂ ಕಡ್ಡಿ ಗೀರಿ ಸುಟ್ಟುಬಿಡುತ್ತಾರೆ. ಜಿನಮತಿ ಮಾತ್ರ ಮೊದಲು ಕೋಲು ಹಿಡಿದು ಸಾಲುಸಾಲು ಬಡಿಯುತ್ತಾ ಹೋಗುವಳು. ಇಲಿ, ಓತಿಕ್ಯಾತ, ಹಾವು ಏನಿದ್ದರೂ ಹೊರಗೆ ಹೋಗಲಿ ಎಂದು. ಜೈನರ ಮನೆಗಳಲ್ಲಿಯೂ ಇಷ್ಟು ತಾಳ್ಮೆ ಎಲ್ಲರಿಗೆ ಇರುವುದಿಲ್ಲ. ಗಂಡ ಕಾಕಾಸಾಹೇಬ ಬದುವಿನ ಮೇಲೆ ನಿಂತು ಕಾಡಿಸುವನು: “ಹೊಲಾ ಸುಡಾಕ ಬಂದೀಯೋ, ಹಾವಿಗೆ ಊಟಕ್ಕ ಕರಿಯಾಕ ಬಂದೀಯೋ?”

“ನೀವ್ ಒಂದೀಟ ಬಾಯಿ ಮುಚ್ಚರಿ, ಅವ್ಕೂ ಕೇಳತೈತಿ.”

ಆ ವರ್ಷ ಮಾಘದಲ್ಲಿ ಹಾಗೆ ಬಡಿಯುತ್ತಿರುವಾಗಲೇ ಪಕ್ಕದ ಹೊಲದ ಬೆಂಕಿ ಗಾಳಿಗೆ ಇತ್ತ ಹಾರಿತು. ಬದುವಿನ ಬುಡದಲ್ಲಿ, ಇಲಿ ಬಿಲದ ಬಾಯಲ್ಲಿ ಅವಳಿಗೆ ಬಿಳಿಯ ತತ್ತಿಗಳು ಕಂಡವು. ಉದ್ದುದ್ದ, ಮೆತ್ತಗೆ. ಮುಕ್ಕಾಲು ಪಾಲು ಒಂದಕ್ಕೊಂದು ಅಂಟಿ ಗೊಂಚಲಾಗಿದ್ದವು. ಅವಸರದಲ್ಲಿ ಎತ್ತುವಾಗ ಕೆಲವು ಬಿಡಿಯಾಗಿ ಬಂದವು. ಸೆರಗಿನಲ್ಲಿ ಹಾಕಿಕೊಂಡು ಮನೆಗೆ ಬಂದಳು. ಅಗಲ ಬಾಯಿಯ ಮಣ್ಣಿನ ಮಡಕೆಯಲ್ಲಿ ಹಸಿ ಉಸುಕು ಹಾಕಿ, ಅದರ ಮೇಲಿಟ್ಟು, ದನದ ಕೊಟ್ಟಿಗೆಯ ಮೂಲೆಯಲ್ಲಿ ಇರಿಸಿದಳು.

ಕಾಕಾಸಾಹೇಬ ಬಾಗಿಲಲ್ಲೇ ನಿಂತ. “ನಾಗರದ್ದಿದ್ರ?”

“ನಾಗರದ್ದಿದ್ರ ಸುಡಬೇಕಿತ್ತೇನ್ರಿ?”

“ಹಂಗಾರ ಇವು ಹುಟ್ಟೂತನಕ ಎಮ್ಮಿ ನೀನ ಹಿಂಡ.”

ಅವಳೇ ಹಿಂಡಿದಳು.

ಅವರು ಮನೆಯಲ್ಲಿ ಎಂದೂ ಕೋಳಿ ಸಾಕಿದವರಲ್ಲ. ತತ್ತಿಯ ವಿಷಯ ಅವಳಿಗೆ ಗೊತ್ತಿದ್ದದ್ದು ಗೋಡೆಯಾಚೆಯಿಂದ ನಮ್ಮ ಕೋಳಿಯನ್ನು ನೋಡಿದಷ್ಟೇ. ಕಾವಿಗೆ ಕುಳಿತ ಕೋಳಿ ಕೊಕ್ಕಿನಿಂದ ತತ್ತಿ ಹೊರಳಿಸುತ್ತದಲ್ಲ, ತಾಯಿ ಇಲ್ಲದ ಇವಕ್ಕೆ ನಾನೇ ಹೊರಳಿಸಬೇಕು ಎಂದು ತಿಳಿದಳು. ದಿನಾಲೂ ಬಸದಿಗೆ ಹೋಗಿ ಬಂದು, ಬಿಡಿ ತತ್ತಿಗಳನ್ನು ಸಂಡಿಗೆ ಮಗುಚಿದ ಹಾಗೆ ಮೆಲ್ಲಗೆ ಮಗುಚುವಳು. ಗೊಂಚಲನ್ನು ಮಗುಚಲು ಬರುವಂತಿರಲಿಲ್ಲ, ಬಿಟ್ಟಳು.

ಒಂದು ದಿನ ಶಾಲೆಯ ಉಜ್ವಲಾ ಬಾಯೋರು ಹಾಲಿಗೆ ಬಂದವರು ಅದನ್ನು ನೋಡಿ ಕೈ ಹಿಡಿದುಬಿಟ್ಟರು.

“ಅಯ್ಯ ಕಾಕೂ, ಹೊಳ್ಳಸಬ್ಯಾಡ್ರಿ! ಕೋಳೀದ ಬ್ಯಾರೆ, ಇವುಗಳದ ಬ್ಯಾರೆ. ಒಳಗಿನ ಮರಿ ಮ್ಯಾಲಿನ ಮಗ್ಗಲಕ್ಕ ಅಂಟಕೊಂಡ ಬೆಳಿತೈತಿ. ಬುಡಮೇಲ ಮಾಡಿದ್ರ ಒಳಗ ಸಾಯತೈತಿ.”

“ಯಾವುದರ ತತ್ತಿ ಇವು, ಬಾಯೋರ?” ಕಾಕಾಸಾಹೇಬ ದೂರದಿಂದಲೇ ಕೇಳಿದ.

“ನಮ್ಮ ಹೊಳಿ ಆಮೀದು, ಮೊಸಳೀದು ಗಟ್ಟಿ ಇರತಾವ್ರಿ ಕಾಕಾ. ಇವು ತೊಗಲಿನಂಗ ಅದಾವ, ಅಂಟಕೊಂಡಾವ. ಹಾವಿಂದ ಇರಬೇಕ. ಯಾ ಹಾವು ಅಂತ ನನಗೂ ತಿಳಿಯೂದಿಲ್ಲ. ಕೊಳಕಮಂಡಲ ಅಂತೂ ಅಲ್ಲ, ಅದು ಮರೀನ ಹಾಕತೈತಿ.” ಆಮೇಲೆ ಅವರು ಇಡೀ ಕುಲವನ್ನೇ ಬಿಡಿಸಿ ಹೇಳಿದರು. ಹಾವು, ಹಲ್ಲಿ, ಉಡ ಒಂದು ಮನೆ. ಆಮೆ ಒಂದು ಮನೆ, ಮೊಸಳೆ ಇನ್ನೊಂದು. ನಾಲ್ಕನೆಯದು ಬಹಳ ದೂರ, ನ್ಯೂಜಿಲೆಂಡಿನಲ್ಲಿ ಮಾತ್ರ. ನೋಡಲು ಹಲ್ಲಿಯಂತೆ, ಆದರೆ ಹಲ್ಲಿ ಅಲ್ಲ.

“ಇವು ಅದರಾವು ಅಲ್ಲಲ್ಲರಿ?” ಎಂದ ಕಾಕಾಸಾಹೇಬ. ಬಾಯೋರು ಹಾಲಿನ ಚರಗಿ ಹಿಡಿದುಕೊಂಡೇ ನಕ್ಕರು. ಜಿನಮತಿ ನಗಲಿಲ್ಲ.

ಬಿಡಿ ತತ್ತಿಗಳು ಒಂದೊಂದೇ ಕುಗ್ಗಿದವು, ಹಳದಿಯಾದವು, ಬೂಸ್ಟು ಹಿಡಿದವು. ಬೆಂಕಿಯಿಂದ ತಂದವನ್ನು ತನ್ನ ಕೈಯೇ ಕೊಂದಿತು ಎಂದು ಅವಳು ಬಸದಿಯಲ್ಲಿ ನಿಂತು, ಪ್ರಾಯಶ್ಚಿತ್ತವಾಗಿ ಬೆಲ್ಲ ತಿನ್ನುವುದನ್ನೇ ಬಿಟ್ಟಳು. ಗಾಣದ ಹೊಗೆ ಮನೆಯೊಳಗೆ ಬರುವ ಊರಲ್ಲಿ ಬೆಲ್ಲ ಬಿಡುವುದೆಂದರೆ ಸಣ್ಣ ಮಾತಲ್ಲ. ಇನ್ನು ಗೊಂಚಲೊಂದೇ ಉಳಿದಿತ್ತು. ಸೆರಗಿನಲ್ಲಿ ಹಾಕಿ ಓಡಿ ಬರುವಾಗ ಅದೂ ಬುಡಮೇಲಾಗಿತ್ತೋ ಏನೋ, ಅವಳಿಗೆ ನೆನಪಿರಲಿಲ್ಲ. ಉಸುಕು ಒಣಗಿದರೆ ಬೆರಳಿನಿಂದ ಅಂಚಿಗೆ ನೀರು ಚಿಮುಕಿಸುವಳು, ತತ್ತಿಯನ್ನು ಮುಟ್ಟುವವಳಲ್ಲ. ನನ್ನ ಹತ್ತಿರ ಒಂದೇ ಮಾತು: “ಇವಾದ್ರೂ ಹೊರಗ ಬರಲಿ, ಶೇವಂತಾ.”

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಗೊಂಚಲಿನ ತತ್ತಿಗಳು ಸೀಳಿದವು. ಬ್ಲೇಡಿನಿಂದ ಗೀರಿದಷ್ಟೇ ಸಣ್ಣ ಸೀಳು, ಅದರಲ್ಲಿ ಪುಟ್ಟ ಮೂಗು. ಮಧ್ಯಾಹ್ನದ ಹೊತ್ತಿಗೆ ಮಡಕೆಯ ತುಂಬ ಚೌಕಡಿ ಮೈಯ ಮರಿಗಳು. ಬಾಯೋರು ಬಂದು ನೋಡಿ, “ನೀರಹಾವು, ವಿಷ ಇಲ್ಲ” ಎಂದರು. ಆಗ ಕಾಕಾಸಾಹೇಬನೇ ಮುಂದಾಗಿ ಮಡಕೆ ಹೊತ್ತ. ನಾವು ಮೂವರೂ ಹಳ್ಳದ ದಂಡೆಗೆ ಹೋದೆವು. ಮಡಕೆ ವಾಲಿಸಿದ್ದೇ ತಡ, ಅವು ಹುಲ್ಲಿನಲ್ಲಿ ಸರಸರ ಮಾಯವಾದವು. ಒಂದೂ ತಿರುಗಿ ನೋಡಲಿಲ್ಲ.

ಮನೆಗೆ ಬಂದು ಕಾಕಾಸಾಹೇಬ ಅಂಗೈಯಲ್ಲಿ ಬೆಲ್ಲದ ಹೆಂಟೆ ಹಿಡಿದು ನಿಂತ. “ತಗೋಬೇ, ಇನ್ನೇನ. ಹುಟ್ಟಿದುವಲ್ಲಾ.”

“ಹುಟ್ಟಿದುವು ತಮ್ಮ ಪುಣ್ಯೇಕ ಹುಟ್ಟಿದುವು,” ಎಂದಳು ಜಿನಮತಿ. “ಸತ್ತುವು ನನ್ನ ಕೈಯಾಗ ಸತ್ತುವು. ನೀವ್ ತಿನ್ರಿ.”

ಅವನು ಹೆಂಟೆಯನ್ನು ತಿರುಗಿ ಡಬ್ಬಿಗೆ ಹಾಕಿದ. ಅಷ್ಟರಲ್ಲಿ ನಳಕ್ಕೆ ನೀರು ಬಂತು. ಅವಳು ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿ, ನೀರಿನೊಳಗಿನ ಕಾಣದ ಜೀವವೂ ಸಾಯದಿರಲೆಂದು, ಬಿಂದಿಗೆಯಿಂದ ಸಣ್ಣ ಧಾರೆಯಾಗಿ ನೀರು ಸೋಸತೊಡಗಿದಳು.