ಹತ್ತೂವರೆ ಗೆಣ್ಣಿನ ಇರುವೆ

ಶಿಕಾರಿಪುರದ ಮಾರುಕಟ್ಟೆ ಯಾರ್ಡಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಮಹೇಶ್ವರಪ್ಪನವರಿಗೆ ಕುಡಿತ, ಇಸ್ಪೀಟು ಯಾವುದೂ ಇರಲಿಲ್ಲ. ಇದ್ದದ್ದು ಹೆಸರಿನ ಚಟ. ಶಾಲೆಗೊಂದು ಫ್ಯಾನು ಕೊಟ್ಟು ಮೂರೂ ರೆಕ್ಕೆಗಳ ಮೇಲೆ ತಮ್ಮ ಹೆಸರು ಬರೆಸಿದ್ದರು. ತಿರುಗುವಾಗ ಅದು ಕಾಣುವುದಿಲ್ಲವೆಂದು ಗೊತ್ತಾದ ಮೇಲೆ ಕರೆಂಟು ಹೋದಾಗ ನೋಡಿಕೊಂಡು ಆ ಕಡೆ ಹೋಗಿಬರುತ್ತಿದ್ದರು. ತಾವು ಹಾಕಿಸಿದ ಕಲ್ಲುಬೆಂಚಿನ ಮೇಲೆ ಯಾರಾದರೂ ಹೆಸರು ಮುಚ್ಚುವಂತೆ ಕುಳಿತಿದ್ದರೆ, "ಒಂಚೂರು ಆಚಿಗೆ ಸರೀರಿ" ಎನ್ನಲು ಹಿಂಜರಿದವರೇ ಅಲ್ಲ.

ಮಗಳು ಚೈತ್ರಶ್ರೀ ಇರುವೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಯಾರ್ಡಿನಲ್ಲಿ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ, "ಸೈಂಟಿಸ್ಟು" ಎಂದಷ್ಟೇ ಹೇಳಿ ಅವರು ಮಾತು ಬದಲಿಸುತ್ತಿದ್ದರು. ಆ ಬೇಸಿಗೆಯಲ್ಲಿ ಆನವಟ್ಟಿ ದಾರಿಯ ಅವರ ಹೊಲದ ಬದುವಿನಲ್ಲಿದ್ದ ಜಾಲಿಮರ ಅವಳ ಕಣ್ಣಿಗೆ ಬಿತ್ತು. ಕೊಂಬೆ ತಟ್ಟಿದರೆ ಸಾಕು, ಟೊಳ್ಳಿನೊಳಗಿಂದ ಇರುವೆಗಳು ಬುಳುಬುಳು ಹೊರಬಂದು, ಹೊಟ್ಟೆಯನ್ನು ತಲೆಯ ಮೇಲಕ್ಕೆತ್ತಿ ಪುಟ್ಟ ಚೇಳುಗಳಂತೆ ನಿಲ್ಲುತ್ತಿದ್ದವು.

"ಈ ಗುಂಪು ಗೊತ್ತಿರೋದೇ ಅಪ್ಪಾಜಿ. ಆದ್ರೆ ಈ ಬಣ್ಣ ನಾನು ನೋಡಿಲ್ಲ. ಹೊಸ ಜಾತಿ ಇದ್ರೂ ಇರಬಹುದು."

"ಹೊಸದಾದ್ರ ಹೆಸರು ಯಾರು ಇಡ್ತಾರ?"

"ಮೊದಲು ವಿವರಿಸಿ ಬರೆದೋರು."

"ಯಾರ ಹೆಸರು ಬೇಕಾದ್ರೂ ಇಡಬಹುದೇನು?"

"ಇಡಬಹುದು, ಆದ್ರೆ..."

ಆ 'ಆದ್ರೆ'ಯ ಮುಂದಿನದು ಮಹೇಶ್ವರಪ್ಪನವರ ಕಿವಿಗೆ ಬೀಳಲಿಲ್ಲ. ಅವರು ಆಗಲೇ ಬೈಕು ಹತ್ತಿದ್ದರು. ಹೊಸ ಇರುವೆಗೆ ಮಹೇಶ್ವರಪ್ಪನವರ ಹೆಸರಂತೆ ಎಂದು ಸಂಜೆಯೊಳಗೆ ಯಾರ್ಡಿಗೆಲ್ಲ ಸುದ್ದಿಯಾಯಿತು. ವರ್ತಕರೆಲ್ಲ ಸೇರಿ ಸನ್ಮಾನಕ್ಕೆ ದಿನ ಗೊತ್ತುಮಾಡಿದರು. ಗೇಟಿನ ಬಳಿ ಫ್ಲೆಕ್ಸ್ ಎದ್ದಿತು. ಒಂದು ಕಡೆ ಮಹೇಶ್ವರಪ್ಪನವರ ನಗುಮುಖ, ಇನ್ನೊಂದು ಕಡೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಇರುವೆ. ಚೈತ್ರಶ್ರೀ ಅದನ್ನು ನೋಡಿ ಹಣೆ ಒತ್ತಿಕೊಂಡಳು.

"ಕಾಲು ಎಣಿಸಿ ಅಪ್ಪಾಜಿ. ಎಂಟಿವೆ. ಅದು ಇರುವೆ ಥರ ಕಾಣೋ ಜೇಡ."

"ದೂರದಿಂದ ಯಾರು ಕಾಲು ಎಣಿಸ್ತಾರ, ಬಿಡು."

ಮಾದರಿ ಹಿಡಿಯಲು ಅವರೇ ಮಗಳೊಂದಿಗೆ ಹೋದರು. ಒಂದು ಕೈಯಲ್ಲಿ ಬಾಟಲಿ ಹಿಡಿದು ಇನ್ನೊಂದು ಕೈಯಲ್ಲಿ ಕೊಂಬೆ ಅಲುಗಿಸಿದರು. ಇರುವೆಗಳು ಬಾಟಲಿ ಬಿಟ್ಟು ಅಂಗಿಯೊಳಗೆ ಇಳಿದವು. ಮನೆಯ ಹಿತ್ತಲಲ್ಲಿ ಅಂಗಿ ಝಾಡಿಸುತ್ತಾ ಹೆಂಡತಿ ರಾಜೇಶ್ವರಮ್ಮ, "ನೀವು ಯಾರು ಅಂತ ಅವಕ್ಕಿನ್ನೂ ಗೊತ್ತಾದಂಗಿಲ್ಲ ಬಿಡ್ರಿ" ಎಂದರು.

ಚೈತ್ರಶ್ರೀ ಹಿಡಿದು ತಂದಿದ್ದ ಇರುವೆಗಳನ್ನು ನೋಡಲು ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಬಂದು ಕುಳಿತಿತು. ಕಣ್ಣಿಟ್ಟ ಮಹೇಶ್ವರಪ್ಪ ತುಸು ಹೊತ್ತು ಉಸಿರಾಡುವುದನ್ನೇ ಮರೆತರು. ಜೋಳದ ಕಾಳಿಗಿಂತ ಚಿಕ್ಕ ಜೀವಕ್ಕೆ ಇಷ್ಟೊಂದು ಕಸೂತಿಯೇ! ಸೊಂಟದಲ್ಲಿ ಎರಡು ಗಂಟು. ಹಿಂದಿನ ಗಂಟು ಹೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಂಡಿತ್ತು.

"ಅದಕ್ಕೇ ಹೊಟ್ಟೆ ಎತ್ತೋಕೆ ಬರೋದು" ಎಂದಳು ಮಗಳು.

"ಟ್ರ್ಯಾಕ್ಟರಿನ ಟ್ರಾಲಿ ಇದ್ದಂಗ! ಕೊಕ್ಕಿ ಮ್ಯಾಲೈತಿ."

"ಹೂಂ, ಹಂಗೇ. ಉಳಿದ ಲಕ್ಷಣ ಎಲ್ಲ ಗೊತ್ತಿರೋ ಜಾತಿಗೆ ಹೊಂದ್ತಿದೆ. ಇನ್ನು ಮೀಸೆ ಒಂದೇ. ಆ ಜಾತಿಗೆ ಹನ್ನೊಂದು ಗೆಣ್ಣು. ಇದಕ್ಕೆ ಹತ್ತಿದ್ರೆ ಬೇರೆ ಅಂತ ಯೋಚಿಸಬಹುದು."

ಮಹೇಶ್ವರಪ್ಪ ಎಣಿಸಿದರು. ಹತ್ತು. ಕನ್ನಡಕ ಒರೆಸಿ ಮತ್ತೆ ಎಣಿಸಿದರು. ಹತ್ತೇ. ಮಗಳಿಗೆ ಮಾತ್ರ ಹನ್ನೊಂದು ಕಂಡಿತು.

"ಬುಡದ ಉದ್ದಂದು ಸೇರಿಸಿದ್ರಾ?"

"ಅದು ಕೋಲು. ಗೆಣ್ಣಲ್ಲ."

"ಅದೂ ಲೆಕ್ಕಕ್ಕೆ ಸೇರುತ್ತೆ ಅಪ್ಪಾಜಿ."

ಮಹೇಶ್ವರಪ್ಪ ಜೀವಮಾನವೆಲ್ಲ ಮಾಡಿದ್ದ ಕೆಲಸವನ್ನೇ ಇಲ್ಲಿಯೂ ಮಾಡಿದರು. "ನಿಂದೂ ಬ್ಯಾಡ, ನಂದೂ ಬ್ಯಾಡ. ಹತ್ತೂವರೆಗೆ ಮುಗಿಸು."

ಒಳಗಿದ್ದ ರಾಜೇಶ್ವರಮ್ಮನ ನಗು ಹೊರಗಿನವರೆಗೂ ಕೇಳಿಸಿತು. ಚೈತ್ರಶ್ರೀ ಬೇರೆ ಇರುವೆಗಳನ್ನೂ ಇಟ್ಟು ನೋಡಿದಳು. ಒಂದಾದರೂ ಚೌಕಾಸಿಗೆ ಒಪ್ಪಲಿಲ್ಲ. ಅವಳ ಮಾರ್ಗದರ್ಶಕರೂ ಫೋಟೋಗಳನ್ನು ನೋಡಿ ಫೋನ್ ಮಾಡಿದರು. ಇದು ಎಷ್ಟೋ ವರ್ಷಗಳ ಹಿಂದೆಯೇ ಹೆಸರು ಪಡೆದ ಇರುವೆ, ಇಲ್ಲಿಯದರ ಬಣ್ಣ ತುಸು ತಿಳಿ, ಅಷ್ಟೆ ಎಂದರು.

ಸನ್ಮಾನ ಮರುದಿನವೇ ಇತ್ತು. ಮಹೇಶ್ವರಪ್ಪ ಬೆಳಿಗ್ಗೆ ಹೊದ್ದುಕೊಂಡು ಮಲಗಿ, ಜ್ವರ ಬಂದಿದೆಯೆಂದು ಹೇಳಿಕಳಿಸಲು ನೋಡಿದರು. ರಾಜೇಶ್ವರಮ್ಮ ಹಣೆ ಮುಟ್ಟಿ, "ನನ್ನ ಕೈಗಿಂತ ತಣ್ಣಗೈತಿ, ಏಳ್ರಿ" ಎಂದು ಎಬ್ಬಿಸಿದರು.

ಶಾಲು ಹೊದಿಸಿ ಹಾರ ಹಾಕಿದ ಮೇಲೆ ಮೈಕು ಕೈಗೆ ಬಂತು. ಎರಡು ಸಲ ಕೆಮ್ಮಿದರು.

"ಇದು ಹೊಸ ಇರುವಿ ಅಲ್ರೀ."

ಪಕ್ಕದಲ್ಲಿದ್ದ ವರ್ತಕ ಸಂಗಮೇಶ್ ಅಂಗಿ ಜಗ್ಗಿ, "ಶಾಲು ಹಾಕಿ ಆಗೇತಿ ಅಣ್ಣಾರ, ಸುಮ್ನಿರ್ರಿ" ಎಂದು ಪಿಸುಗುಟ್ಟಿದ.

"ನನಗ ಹತ್ತು ಬೇಕಾಗಿತ್ತು, ಅದಕ್ಕ ಹತ್ತು ಕಂಡ್ವು. ಮಗಳು ಇದ್ದಷ್ಟು ಎಣಿಸಿದ್ಲು" ಎಂದರು ಮಹೇಶ್ವರಪ್ಪ. ಯಾರೋ ನಕ್ಕರು. ಅದರಿಂದ ಅವರಿಗೆ ಧೈರ್ಯ ಬಂತು. ಸಂಗಮೇಶನನ್ನು ಎಬ್ಬಿಸಿ ಬಗ್ಗಿಸಿ ನಿಲ್ಲಿಸಿ, ಅವನ ಬೆನ್ನಿನ ಮೇಲೆ ಬೆರಳಿಟ್ಟು ಇರುವೆಯ ಸೊಂಟ ಎಲ್ಲಿ, ಕೊಕ್ಕೆ ಎಲ್ಲಿ ಎಂದು ತೋರಿಸತೊಡಗಿದರು. ಉಪ್ಪಿಟ್ಟು ಆರಿಹೋಯಿತು. ಸಂಗಮೇಶನ ನಡು ಹಿಡಿದುಕೊಂಡಿತು. ಜನ ಮಾತ್ರ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಚೈತ್ರಶ್ರೀ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದುದು ಅವರಿಗೆ ಕಂಡಿತು.

ಅಂದಿನಿಂದ ಯಾರ್ಡಿನಲ್ಲಿ ಅವರು ಇರುವೆ ಮಹೇಶ್ವರಪ್ಪ. ಮೊದಮೊದಲು ಸಿಡುಕಿದರು, ಆಮೇಲೆ ಓಗೊಡತೊಡಗಿದರು. ಮುಂದಿನ ಭಾನುವಾರ ಮಗಳಿಗಿಂತ ಮೊದಲೇ ಜಾಲಿಮರದ ಕೆಳಗೆ ನಿಂತಿದ್ದರು. ಒಣಗಿದ ಕೊಂಬೆಯಲ್ಲಿ ಬೇರೆಯೇ ಒಂದು ಇರುವೆ ಓಡಾಡುತ್ತಿತ್ತು. ತೆಳ್ಳಗೆ, ಉದ್ದಕ್ಕೆ, ಕೆಂಪು ನಡು, ಕಪ್ಪು ತಲೆ.

"ಚೈತ್ರಾ, ಇದ್ಯಾವುದವ್ವಾ? ಕಚ್ತತೇನು?"

"ಕಚ್ಚಲ್ಲ ಅಪ್ಪಾಜಿ, ಚುಚ್ಚುತ್ತೆ. ಮುಟ್ಟಬೇಡಿ!"

ಅವರು ಆಗಲೇ ಮುಟ್ಟಿದ್ದರು.